ತಪ್ಪು: ಹರಿತದೆ, ಒಪ್ಪು: ಅರಿತದೆ

ಕೆಲಸಕ್ಕೆ ಸೇರಿದ ಮೊದಲ ದಿನವೇ ನನ್ನ ಹೆಸರಿನಲ್ಲಿ ತಪ್ಪು ಸಿಕ್ಕಿತು. ಶಿವಮೊಗ್ಗದ ದುರ್ಗಿಗುಡಿಯ ಅಡ್ಡರಸ್ತೆಯೊಂದರಲ್ಲಿ ನಮ್ಮ ಪ್ರೆಸ್ಸು. ಅಲ್ಲಿ ಕರಡು ತಿದ್ದುತ್ತಿದ್ದ ಅನಂತಯ್ಯನವರು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿ ಹೆಸರು ಕೇಳಿದರು.

"ಆಲಪ್ಪ, ಸಾರ್."

"ಮರದ ಆಲವೋ, ಕುಡಿಯುವ ಹಾಲೋ?"

"ಕುಡಿಯೋದು, ಸಾರ್."

"ಹಾಗಾದರೆ ಕುಡಿಯುವ ಹಾಗೆ ಹೇಳು ಮಾರಾಯ. ನೀನು ಹೇಳಿದರೆ ಮರ ಹತ್ತಬೇಕಾಗುತ್ತೆ."

ಕುಂಸಿಯ ಹತ್ತಿರದ ನಮ್ಮ ಮನೆಯಲ್ಲಿ ಹಕಾರಕ್ಕೆ ಜಾಗವೇ ಇರಲಿಲ್ಲ. ನನಗೆ ಮಾತು ಕಲಿಸಿದವಳು ಅಜ್ಜಿ. ಅವಳ ಕಥೆಯಲ್ಲಿ "ಅಕ್ಕಿ ಆರಿ ಓಯ್ತು" ಅಂತ ಬಂದಾಗ, ಹಾರಿ ಹೋದದ್ದು ಹಕ್ಕಿಯೋ, ಬಿಸಿಲಿಗೆ ಆರಿದ್ದು ಅಕ್ಕಿಯೋ ಎಂದು ನಾವು ಮೊಮ್ಮಕ್ಕಳು ಮುಂದಿನ ಮಾತಿಗೆ ಕಾಯುತ್ತಿದ್ದೆವು. ಅನಂತಯ್ಯನವರು ಆ ಕಾಯುವಿಕೆಯನ್ನು ಬಿಡಿಸಿದರು. ಅಂಗೈಯನ್ನು ಬಾಯ ಮುಂದೆ ಹಿಡಿದುಕೊಂಡು ಹ ಅನ್ನಬೇಕು, ಉಸಿರು ಕೈಗೆ ತಾಗಬೇಕು. ಮಳೆಗಾಲ ಕಳೆಯುವಷ್ಟರಲ್ಲಿ ನಾನು ಹಾಲಪ್ಪನಾದೆ. ಊರಿಗೆ ಹೋದಾಗ ಅಜ್ಜಿ, "ಏನ್ಲಾ ಆಲಪ್ಪ, ಬಾಯಿ ಬಿಟ್ರೆ ಬುಸುಗುಡ್ತೀಯ, ಆವು ಕಚ್ತಾ?" ಎಂದು ನಕ್ಕಿದ್ದಳು. ಅವಳು ಹೋದ ಮೇಲೆ ನನ್ನನ್ನು ಹಾಗೆ ಕರೆಯುವವರು ಯಾರೂ ಉಳಿಯಲಿಲ್ಲ.

ಈಗ ನಿವೃತ್ತಿಯಾಗಿದೆ. ನನ್ನ ಕುರ್ಚಿಯಲ್ಲಿ ಕೂರಲು ಹೊಸಬರು ಇಬ್ಬರು ಬಂದಿದ್ದಾರಂತೆ. "ಸಾರ್, ಅವರಿಗೆ ನೀವು ಏನಾದ್ರೂ ಬರ್ಕೊಡಿ, ನಾನು ಹೇಳಿದ್ರೆ ಕೇಳಲ್ಲ" ಎಂದು ನಮ್ಮ ಡಿಟಿಪಿ ಮಾಡುವ ರೇಷ್ಮಾ ಒಂದು ತಿಂಗಳಿನಿಂದ ಬೆನ್ನು ಹತ್ತಿದ್ದಾಳೆ. ಬಡ್ತಿಯ ಕಥೆ ನಿರೀಕ್ಷಿಸಬೇಡಿ ಮಕ್ಕಳೇ. ನನ್ನ ಮೇಜು ಬಾಗಿಲ ಪಕ್ಕದಿಂದ ಕಿಟಕಿಯ ಪಕ್ಕಕ್ಕೆ ಬಂದದ್ದೊಂದೇ ನಾನು ಕಂಡ ಬಡ್ತಿ. ನನ್ನ ತಪ್ಪುಗಳನ್ನು ಬರೆಯುತ್ತೇನೆ, ಅವು ನಿಮಗೆ ಹೆಚ್ಚು ಉಪಯೋಗಕ್ಕೆ ಬರುತ್ತವೆ.

ಸೀಸದ ಅಕ್ಷರದ ಮೊಳೆಗಳನ್ನು ಕೈಯಲ್ಲಿ ಜೋಡಿಸುವ ಕಾಲದಲ್ಲಿ ಕರಡು ನೋಡಲು ಇಬ್ಬರು ಬೇಕಿತ್ತು. ನಾನು ಹಸ್ತಪ್ರತಿಯನ್ನು ಗಟ್ಟಿಯಾಗಿ ಓದುವುದು, ಅನಂತಯ್ಯನವರು ಕರಡಿನ ಮೇಲೆ ಕೆಂಪು ಪೆನ್ನು ಓಡಿಸುವುದು. ಪೂರ್ಣವಿರಾಮ, ಅಲ್ಪವಿರಾಮ, ಎಲ್ಲವನ್ನೂ ಬಾಯಲ್ಲಿ ಹೇಳಬೇಕು. ಕೈಲಾಸ ಸಮಾರಾಧನೆಯ ಕಾರ್ಡನ್ನೂ, ಮದುವೆಯ ಕರೆಯೋಲೆಯನ್ನೂ ನಾನು ಒಂದೇ ರಾಗದಲ್ಲಿ ಓದುತ್ತಿದ್ದೆ. "ಸತ್ತವರಿಗಾದರೂ ಸ್ವಲ್ಪ ನಿಧಾನವಾಗಿ ಓದೋ" ಎನ್ನುತ್ತಿದ್ದರು.

ಅವರು ಕಲಿಸಿದ ಗುರುತುಗಳಲ್ಲಿ ಒಂದರ ಬಗ್ಗೆ ಮಾತ್ರ ಹೇಳುತ್ತೇನೆ. ತಿದ್ದಬಾರದ್ದನ್ನು ತಿದ್ದಿಬಿಟ್ಟಾಗ ಆ ಪದದ ಕೆಳಗೆ ಸಾಲಾಗಿ ಚುಕ್ಕಿ ಇಟ್ಟು, ಅಂಚಿನಲ್ಲಿ "ಇರಲಿ" ಎಂದು ಬರೆಯಬೇಕು. ಅಂದರೆ ಮೊದಲಿದ್ದ ಹಾಗೆಯೇ ಬಿಡಿ ಎಂದು. "ಈ ಕಸುಬಿನಲ್ಲಿ ಕೈಗೆ ಬರಲು ತಡವಾಗುವ ಗುರುತು ಇದೊಂದೇ" ಎನ್ನುತ್ತಿದ್ದರು ಅನಂತಯ್ಯನವರು. ಅವರದು ಇನ್ನೊಂದು ಕಟ್ಟಪ್ಪಣೆ: ಬರೆದವರ ಸಹಿ ಬಿದ್ದ ಕರಡಿಗೆ ಕೈ ಹಾಕಕೂಡದು. ಹಾಕಲೇಬೇಕಾದರೆ ಅವರನ್ನು ಕೇಳಿ ಹಾಕಬೇಕು.

ಒಮ್ಮೆ ಅಡಿಕೆಯ ಕೊಳೆರೋಗದ ಬಗ್ಗೆ ಒಂದು ಕರಪತ್ರ ಅಚ್ಚಿಗೆ ಬಂದಿತ್ತು. ಕೊನೆಯ ಕರಡು ನೋಡುವ ಸರದಿ ನನ್ನದು. ಮೈಲುತುತ್ತ ಮತ್ತು ಸುಣ್ಣದ ದ್ರಾವಣವನ್ನು ಮಳೆಗೆ ಮುಂಚೆ ಅಡಿಕೆಗೆ ಸಿಂಪಡಿಸಿ ಎಂದಿರಬೇಕಾದಲ್ಲಿ ನನ್ನ ಕಣ್ಣು ತಪ್ಪಿಸಿ "ಅಡಿಗೆಗೆ ಸಿಂಪಡಿಸಿ" ಎಂದಾಯಿತು. ವಾರದಲ್ಲಿ ಕುಂಸಿ ಕಡೆಯ ರೈತರೊಬ್ಬರು ಕರಪತ್ರ ಹಿಡಿದುಕೊಂಡು ಪ್ರೆಸ್ಸಿಗೇ ಬಂದರು. "ಸ್ವಾಮೀ, ಸಾರಿಗೆ ಹಾಕ್ಬೇಕಾ, ಪಲ್ಯಕ್ಕೂ ಆಗುತ್ತಾ? ನಮ್ಮನೆಯೋಳು ಕೇಳಿಕೊಂಡು ಬಾ ಅಂದ್ಲು" ಎಂದು ನಗದೆ ಕೇಳಿದರು. ಅನಂತಯ್ಯನವರು ನನ್ನನ್ನು ಬೈಯಲಿಲ್ಲ. ಆ ದಿನ ಮಧ್ಯಾಹ್ನ ಡಬ್ಬಿ ಬಿಚ್ಚುವಾಗ ಮಾತ್ರ, "ಹಾಲಪ್ಪ, ನಿನ್ನ ಡಬ್ಬಿಗೆ ಸಿಂಪಡಿಸಿದ್ದಾರೇನೋ ನೋಡು" ಎಂದರು. ಅದಾದ ಮೇಲೆ ನನ್ನ ಕಣ್ಣು ಎಷ್ಟು ಚುರುಕಾಯಿತೆಂದರೆ ಗೋಪಿ ಬಜಾರಿನಲ್ಲಿ ನಡೆಯುವಾಗ ಅಂಗಡಿಯ ಬೋರ್ಡುಗಳನ್ನೂ ಮನಸ್ಸಿನಲ್ಲೇ ತಿದ್ದಿಕೊಂಡು ಹೋಗುತ್ತಿದ್ದೆ. ಹೆಂಡತಿಯ ಸಾಮಾನಿನ ಚೀಟಿ ತಿದ್ದಿ ಒಂದು ದಿನ ಊಟ ತಪ್ಪಿಸಿಕೊಂಡದ್ದೂ ಉಂಟು.

ಅನಂತಯ್ಯನವರು ತೀರಿಕೊಂಡರು. ಮೊಳೆಗಳನ್ನು ತೂಕಕ್ಕೆ ಹಾಕಿದರು. ಕಂಪ್ಯೂಟರು ಬಂತು, ಅದರ ಮುಂದೆ ರೇಷ್ಮಾ ಬಂದಳು. ಮನೆಯಲ್ಲಿ ಉರ್ದು, ಕೀಲಿಮಣೆಯ ಮೇಲೆ ನಮಗಿಂತ ಅಚ್ಚ ಕನ್ನಡ. ಓದಿ ಹೇಳುವವರ ಕೆಲಸ ಹೋಯಿತು. ಕರಡು ಈಗ ಫೋನಿನಲ್ಲೇ ಹೋಗುತ್ತದೆ, ಕವಿಗಳು ಬಸ್ಸಿನಲ್ಲಿ ಕೂತು ನೋಡಿ ಹೆಬ್ಬೆರಳಿನ ಚಿತ್ರ ಕಳಿಸುತ್ತಾರೆ. ಆ ಹೆಬ್ಬೆರಳೇ ಸಹಿ.

ಈ ಹೊಸ ಕಾಲದಲ್ಲಿ ನಮ್ಮಲ್ಲಿಗೆ ಹೆಚ್ಚಾಗಿ ಬಂದದ್ದು ಕವಿತೆ. ಸಣ್ಣ ಪುಸ್ತಕಗಳು. ಕಳಕೊಂಡವರ ಕವಿತೆ, ನಿದ್ದೆ ಬಾರದವರ ಕವಿತೆ, ಮರೆವಿನ ಕಾಯಿಲೆಯ ತಂದೆಗೆ ಊಟ ಮಾಡಿಸುತ್ತಾ ಬರೆದ ಕವಿತೆ, ಮನಸ್ಸಿನ ಡಾಕ್ಟರ ಬಾಗಿಲಲ್ಲಿ ಟೋಕನ್ ಹಿಡಿದು ಕೂತು ಬರೆದ ಕವಿತೆ. ನಮ್ಮ ಅಜ್ಜಿಯ ಕಾಲದಲ್ಲಾಗಿದ್ದರೆ ಇವನ್ನೆಲ್ಲ ಒಳಮನೆಯಲ್ಲಿ ಬಚ್ಚಿಡುತ್ತಿದ್ದರು. ಇವರು ಹೆಸರು ಹಾಕಿ ಅಚ್ಚು ಮಾಡಿಸುತ್ತಾರಲ್ಲ, ಆ ಧೈರ್ಯಕ್ಕೆ ನಾನು ಎಷ್ಟು ಸಲ ಪೆನ್ನು ಕೆಳಗಿಟ್ಟು ಕೂತಿದ್ದೇನೋ.

ಬ್ಯಾಂಕಿನಿಂದ ನಿವೃತ್ತರಾದ ಒಬ್ಬರು ತೀರಿಹೋದ ಹೆಂಡತಿಯ ಬಗ್ಗೆ ಬರೆದು ತಂದಿದ್ದರು. ಪ್ರತಿ ಕವಿತೆಯ ನಡುವೆ ಒಂದು ಸಾಲಿನಷ್ಟು ಖಾಲಿ. ಜಾಗ ದಂಡ ಎಂದು ನಾನು ರೇಷ್ಮಾಳಿಂದ ಮುಚ್ಚಿಸಿದೆ. ಕರಡು ನೋಡಿ ಅವರು ಮೆಲ್ಲಗೆ ಕೇಳಿದರು: "ಆ ಜಾಗ ನನ್ನಾಕೆದು ಹಾಲಪ್ಪೋರೆ. ಅವಳನ್ನ ಎಬ್ಬಿಸಿಬಿಟ್ರಲ್ಲ, ಎಲ್ಲಿ ಕೂರ್ಬೇಕು ಅವಳು?" ಆ ದಿನವೇ ಖಾಲಿ ಸಾಲುಗಳು ವಾಪಸ್ಸು ಬಂದವು. ನಾನು ಪಾಠ ಕಲಿತೆ ಎಂದುಕೊಂಡೆ. ಕಲಿತದ್ದು ಅರ್ಧ ಪಾಠ. ಖಾಲಿ ಜಾಗ ಕವಿಯದು, ಅಕ್ಷರ ಮಾತ್ರ ನನ್ನದು ಎಂದುಕೊಂಡಿದ್ದೆ.

ನಿವೃತ್ತಿಗೆ ಕೆಲವೇ ತಿಂಗಳು ಉಳಿದಿದ್ದಾಗ ಭದ್ರಾವತಿಯಿಂದ ಶಾರದಮ್ಮನವರು ಬಂದರು. ಕಾರ್ಖಾನೆಯ ಕ್ವಾರ್ಟರ್ಸಿನ ಹತ್ತಿರದ ಪ್ರೈಮರಿ ಶಾಲೆಯಲ್ಲಿ ಕನ್ನಡ ಟೀಚರು. ಅವರ ತಮ್ಮ ಮಂಜ ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸಗಾರನಾಗಿದ್ದವನು. ಮನಸ್ಸು ಕಲಕಿತು, ಯಾರೋ ಕರೆಯುತ್ತಾರೆ ಎನ್ನುತ್ತಿದ್ದ. ಔಷಧಿ, ಆಸ್ಪತ್ರೆ ಎಲ್ಲ ಆಯಿತು. ಒಂದು ಬೆಳಗ್ಗೆ ಹೊಳೆಯ ಕಡೆ ಹೋದವನು ತಿರುಗಿ ಬರಲಿಲ್ಲ. ಅವನು ಆಡಿದ ಮಾತುಗಳನ್ನೇ ಪೋಣಿಸಿ ಅಕ್ಕ ಕವಿತೆ ಬರೆದಿದ್ದರು. ತಾಯಿ ಗೌರಮ್ಮನವರಿಗೆ ಈಗ ಮರೆವು, ಮಗ ಹೋದದ್ದೂ ನೆನಪಿಲ್ಲ. ಸಂಜೆಯಾದರೆ "ಮಂಜ ಬಂದ್ನಾ?" ಎಂದು ಬಾಗಿಲಿಗೆ ಹೋಗಿ ನಿಲ್ಲುತ್ತಾರೆ. ಶಾರದಮ್ಮ ನೋಟ್‌ಬುಕ್ ತೆಗೆದು ಎರಡು ಕವಿತೆ ಓದಿದರೆ ಒಳಗೆ ಬಂದು ಊಟಕ್ಕೆ ಕೂರುತ್ತಾರೆ.

"ನೋಟ್‌ಬುಕ್ ಹರ್ದು ಹೋಗ್ತಿದೆ ಸಾರ್. ಪುಸ್ತಕ ಆದ್ರೆ ಅಮ್ಮನ ಕಾಲಕ್ಕಾದ್ರೂ ಉಳಿಯುತ್ತೆ. ಮುಂದಿನ ತಿಂಗಳು ಒಂದು ಭಾನುವಾರ ನಮ್ಮ ಕ್ವಾರ್ಟರ್ಸಿನ ಕಮ್ಯುನಿಟಿ ಹಾಲಲ್ಲಿ ಸಣ್ಣ ಬಿಡುಗಡೆ ಇಟ್ಕೊಂಡಿದೀನಿ, ಅಮ್ಮನ ಕೈಯಲ್ಲೇ" ಎಂದಿದ್ದರು.

ಅದೇ ಹೊತ್ತಿಗೆ ನನಗೆ ಕಣ್ಣಿನ ಪೊರೆಯ ಆಪರೇಷನ್ ಆಯಿತು. ರಜೆಯಲ್ಲಿದ್ದಾಗ ರೇಷ್ಮಾ ಕರಡನ್ನು ನೇರವಾಗಿ ಅವರಿಗೆ ಕಳಿಸಿ, ಹೆಬ್ಬೆರಳನ್ನೂ ಪಡೆದಾಗಿತ್ತು. ಕೆಲಸಕ್ಕೆ ಮರಳಿದವನು ಹೊಸ ಕಣ್ಣಿನಿಂದ ನೋಡುತ್ತೇನೆ, ಹಾಲು ಇರಬೇಕಾದಲ್ಲೆಲ್ಲ ಆಲು, ಹೊಳೆ ಇರಬೇಕಾದಲ್ಲೆಲ್ಲ ಒಳೆ! ಕನ್ನಡ ಟೀಚರಿಗೆ ಇಷ್ಟೂ ಕಾಣಲಿಲ್ಲವೇ? ಪಾಪ, ದುಃಖದಲ್ಲಿ ಏನು ನೋಡಿದರೋ ಎಂದು ಮರುಗಿದೆ. ಆ ಮರುಕವೇ ನನ್ನನ್ನು ಕೆಡಿಸಿತು.

"ರೇಷ್ಮಾ, ಇದನ್ನೆಲ್ಲ ಸರಿ ಮಾಡಮ್ಮ."

"ಸಾರ್, ತಪ್ಪು ಅಂದ್ರೆ ಅಲ್ಲೊಂದು ಇಲ್ಲೊಂದು ಇರುತ್ತೆ. ಇದು ಎಲ್ಲಾ ಕಡೆ ಒಂದೇ ಥರ ಇದೆ. ಬೇಕೂಂತ ಬರೆದಿದಾರೆ ಅನ್ಸುತ್ತೆ."

"ನಿನಗಿಂತ ಮುಂಚೆ ಹುಟ್ಟಿದ ಹಕಾರ ಕಣಮ್ಮ ಅದು. ಮಾಡು."

"ಮೇಡಂಗೆ ಒಂದು ಫೋನ್ ಮಾಡ್ಲಾ?"

"ಬೇಡ, ಅವರಿಗೆ ಯಾಕೆ ತೊಂದರೆ."

ಅವಳು ಒಂದು ಗುಂಡಿ ಒತ್ತಿದಳು. ಮೂವತ್ತು ಪುಟದಲ್ಲಿದ್ದ ಆಲುಗಳೆಲ್ಲ ಕಣ್ಣು ಮಿಟುಕಿಸುವುದರೊಳಗೆ ಹಾಲಾದವು. ಉಳಿದ ಪದಗಳನ್ನು ನಾನು ಒಂದೊಂದಾಗಿ ಹೇಳಿ ತಿದ್ದಿಸಿದೆ. ಒಂದು ಕಡೆ "ನೀರು ಅರಿತದೆ" ಎಂದಿತ್ತು. "ಹರಿತದೆ" ಮಾಡಿಸಿದೆ. ಅಚ್ಚಾಯಿತು, ಹೊಲಿಗೆಯಾಯಿತು, ಪುಸ್ತಕಗಳು ಭದ್ರಾವತಿಗೆ ಹೊರಟವು.

ಬಿಡುಗಡೆಗೆ ಮೂರು ದಿನ ಇರುವಾಗ, ಗುರುವಾರ, ರೇಷ್ಮಾ ಒಂದು ಪ್ರತಿ ತಿರುವುತ್ತಾ ಜೋರಾಗಿ ನಕ್ಕಳು. "ಸಾರ್, ಹದಿನಾಲ್ಕನೇ ಪುಟ ನೋಡಿ. ಹಾಲುಗಡ್ಡೆ!"

ಆಲುಗಡ್ಡೆಯ ಪಲ್ಯದ ಬಗ್ಗೆ ಒಂದು ಕವಿತೆಯಿತ್ತು. ಕಂಪ್ಯೂಟರಿಗೇನು ಗೊತ್ತು, ಆಲುಗಡ್ಡೆಯನ್ನೂ ಹಾಲಿಗೆ ಅದ್ದಿತ್ತು. ಒಂದು ತಪ್ಪು ತಾನೇ ಎಂದು ಧೈರ್ಯ ಮಾಡಿ ಶಾರದಮ್ಮನವರಿಗೆ ಫೋನ್ ಮಾಡಿದೆ. ಅವರು ಎತ್ತಲಿಲ್ಲ. ಒಂದು ಗಂಟೆ ಕಳೆದ ಮೇಲೆ ಅವರೇ ಬಾಗಿಲಲ್ಲಿ ನಿಂತಿದ್ದರು, ಭದ್ರಾವತಿಯ ಬಸ್ಸಿಳಿದು ನೇರ ಬಂದಿದ್ದರು. ಪುಸ್ತಕವನ್ನು ನನ್ನ ಮೇಜಿನ ಮೇಲೆ ಇಟ್ಟರು.

"ನಿನ್ನೆ ಸಂಜೆ ಅಮ್ಮಂಗೆ ಇದ್ರಿಂದ ಓದ್ದೆ. 'ಯಾರ ಮಾತಮ್ಮ ಇದು? ಯಾರೋ ಮೇಷ್ಟ್ರು ಮಾತಾಡ್ತಾವ್ರೆ. ನನ್ ಮಂಜ ಎಲ್ಲಿ?' ಅಂದ್ರು. ಬಾಗಿಲು ಬಿಟ್ಟು ಒಳಗೆ ಬರ್ಲೇ ಇಲ್ಲ."

ನಾನು ಹಕಾರದ ಬಗ್ಗೆ ಏನೋ ಹೇಳಲು ಬಾಯಿ ತೆರೆದೆ.

"ಮಂಜ ಹಾಗೇ ಮಾತಾಡ್ತಿದ್ದ ಸಾರ್. ಟೀಚರ್ ತಮ್ಮ ಆಗಿ ಆಲು ಅಂತೀಯಲ್ಲೋ ಅಂತ ದಿನಾ ತಿದ್ತಿದ್ದೆ. ತಲೇಲಿ ಅಷ್ಟು ಗಲಾಟೆ ಇಟ್ಕೊಂಡು ಮಾತಾಡೋಕೆ ಬಂದೋನನ್ನ ನಾನು ಹಕಾರಕ್ಕೆ ನಿಲ್ಲಿಸ್ತಿದ್ದೆ. ಕೊನೆಕೊನೆಗೆ ನನ್ನ ಹತ್ರ ಮಾತಾಡೋದೇ ಬಿಟ್ಟ. ಅವನಿದ್ದಾಗ ನಾನು ತಿದ್ದಿದೆ. ಹೋದ ಮೇಲೆ ನೀವು ತಿದ್ದಿದ್ರಿ."

ರೇಷ್ಮಾ ನೀರಿನ ಲೋಟ ತಂದಿಟ್ಟಳು. ಯಾರೂ ಮುಟ್ಟಲಿಲ್ಲ. ಶಾರದಮ್ಮ ಪುಸ್ತಕದ ಕೊನೆಯ ಕವಿತೆಯನ್ನು ತೆರೆದು ಬೆರಳಿಟ್ಟರು. ಪಕ್ಕದಲ್ಲಿ ತಮ್ಮ ನೋಟ್‌ಬುಕ್ಕನ್ನೂ ತೆರೆದರು. ಅವರ ಕೈಬರಹದಲ್ಲಿ ಅದು ಹೀಗಿತ್ತು:

ಆಲು ಉಕ್ಕಿದ್ರೆ ನನ್ನ ಕರಿಬ್ಯಾಡ ಅಕ್ಕ
ನಾನು ಒಳೆ ಕಡೆ ಓಗಿರ್ತೀನಿ
ಯಾಕೋದೆ ಅಂತ ಯಾರ್ನೂ ಕೇಳಬ್ಯಾಡ
ನೀರು ಅರಿತದೆ

ಅಚ್ಚಿನಲ್ಲಿ ನನ್ನ ಹರಿತದೆ ಇತ್ತು. ಎರಡನ್ನೂ ಒಂದರ ಪಕ್ಕ ಒಂದು ನೋಡಿದೆ. ಹರಿಯುವ ನೀರು ಎಲ್ಲ ಹೊಳೆಯಲ್ಲೂ ಇದೆ. ಅರಿಯುವ ನೀರು ಆ ಹುಡುಗನ ಬಾಯಲ್ಲಿ ಮಾತ್ರ ಇತ್ತು. ಅದು ಹರಿಯುತ್ತಲೂ ಇತ್ತು, ತಿಳಿಯುತ್ತಲೂ ಇತ್ತು. ಎರಡನ್ನೂ ಒಂದೇ ಪದದಲ್ಲಿ ಹಿಡಿಯಲು ದೊಡ್ಡ ದೊಡ್ಡವರು ಹೆಣಗುತ್ತಾರೆ. ಅಕ್ಷರವೊಂದನ್ನು ಬಿಟ್ಟು ಅವನು ಸಾಧಿಸಿದ್ದನ್ನು, ಅಕ್ಷರವೊಂದನ್ನು ಸೇರಿಸಿ ನಾನು ಒರೆಸಿ ಹಾಕಿದ್ದೆ. ಅಜ್ಜಿಯ ಅಕ್ಕಿ ಹಾರಿತೋ ಆರಿತೋ ಎಂದು ಕಾದು ಕೂತಿದ್ದ ಮೊಮ್ಮಗ ನಾನು. ನನಗಾದರೂ ಹೊಳೆಯಬೇಕಿತ್ತು.

"ಭಾನುವಾರದ್ದು ಬೇಡ ಸಾರ್. ಅಮ್ಮನ ಕೈಗೆ ನಾನು ಇದನ್ನ ಕೊಡಲ್ಲ" ಎಂದು ಎದ್ದರು.

ಮತ್ತೆ ಅಚ್ಚು ಮಾಡೋಣವೆಂದರೆ ಯಂತ್ರ ರಿಪೇರಿಗೆ ಬಿಚ್ಚಿ ಕೂತಿತ್ತು, ಸೋಮವಾರದವರೆಗೆ ತಿರುಗುವಂತಿರಲಿಲ್ಲ. ಆಗ ಅನಂತಯ್ಯನವರ ಕಾಲದ ಒಂದು ಪದ್ಧತಿ ನೆನಪಾಯಿತು. ಹಳೆಯ ಪುಸ್ತಕಗಳಲ್ಲಿ ನೀವು ನೋಡಿರಬಹುದು. ಅಚ್ಚಾದ ಮೇಲೆ ಸಿಕ್ಕ ತಪ್ಪುಗಳನ್ನು ಒಂದು ಹಾಳೆಯಲ್ಲಿ ಪಟ್ಟಿ ಮಾಡಿ ಅಂಟಿಸುತ್ತಿದ್ದೆವು. ಎಡಕ್ಕೆ ತಪ್ಪು, ಬಲಕ್ಕೆ ಒಪ್ಪು. ಅದಕ್ಕೆ ಒಪ್ಪೋಲೆ ಎಂದು ಹೆಸರು.

"ಮೇಡಂ, ಒಪ್ಪೋಲೆ ಹಾಕ್ತೀನಿ. ನನ್ನ ತಪ್ಪು ನನ್ನದು ಅಂತಲೇ ಅಚ್ಚಾಗಲಿ. ನೀವು ಒಪ್ಪಿದ್ರೆ ಮಾತ್ರ. ಈ ಸಲ ಕೇಳ್ತಾ ಇದೀನಿ."

ಅವರು ನೋಟ್‌ಬುಕ್ಕನ್ನು ಮುಚ್ಚಿ ಚೀಲಕ್ಕೆ ಹಾಕಿಕೊಂಡರು. "ಭಾನುವಾರ ಅಲ್ಲೇ ಅಮ್ಮಂಗೆ ಅದನ್ನ ಓದಿ ನೋಡ್ಬೇಕು. ಅವರು ಇದು ಮಂಜನ ಮಾತು ಅಂದ್ರೆ ಬಿಡುಗಡೆ. ಇಲ್ಲಾಂದ್ರೆ ಇಲ್ಲ. ಓದೋದು ನೀವೇ" ಎಂದರು.

ರೇಷ್ಮಾ ಪಟ್ಟಿಯನ್ನು ಜೋಡಿಸಿ, ನಮ್ಮ ಸಣ್ಣ ಪ್ರಿಂಟರಿನಲ್ಲೇ ತೆಗೆದಳು. ತೆಗೆಯುವ ಮುಂಚೆ ಶಾರದಮ್ಮನವರಿಗೆ ಕಳಿಸಿದೆವು, ಹೆಬ್ಬೆರಳು ಬಂತು. ಶನಿವಾರ ಭದ್ರಾವತಿಯ ಆ ಕಮ್ಯುನಿಟಿ ಹಾಲಿನಲ್ಲಿ ಕೂತು ಪ್ರತಿಯೊಂದು ಪ್ರತಿಗೂ ಗೋಂದು ಹಚ್ಚಿ ಅಂಟಿಸಿದೆವು. ಪಕ್ಕದ ಮನೆಯ ಸೆಲ್ವಿಯಮ್ಮ ಕಾಫಿ ಕೊಡಲು ಬಂದವರು ಒಂದು ಹಾಳೆ ಎತ್ತಿ ನೋಡಿ, "ಏನು ಸಾರ್, ತಪ್ಪು ಕಡೆ ಸರಿ ಇದೆ, ಸರಿ ಕಡೆ ತಪ್ಪು ಇದೆ! ಉಲ್ಟಾ ಪ್ರಿಂಟ್ ಮಾಡಿದೀರ" ಎಂದರು. "ಉಲ್ಟಾ ಇದ್ದದ್ದನ್ನ ಈಗ ಸರಿ ಮಾಡ್ತಿದೀವಿ ಅಮ್ಮಾ" ಎಂದಳು ರೇಷ್ಮಾ, ನನ್ನ ಕಡೆ ನೋಡದೆ.

ಭಾನುವಾರ ಬೆಳಗ್ಗೆ ಕ್ವಾರ್ಟರ್ಸಿನವರು, ಶಾಲೆಯ ಟೀಚರುಗಳು, ಮಂಜನ ಜೊತೆ ಕೆಲಸ ಮಾಡಿದ ಕೆಲವರು ಬಂದು ಕೂತರು. ಮುಂದಿನ ಸಾಲಿನಲ್ಲಿ ಗೌರಮ್ಮನವರು, ಬಾಗಿಲ ಕಡೆಗೇ ಮುಖ. ಪುಸ್ತಕಗಳ ಕಟ್ಟು ಇನ್ನೂ ಬಿಚ್ಚಿರಲಿಲ್ಲ. ಶಾರದಮ್ಮ ಅದರ ಗಂಟಿನ ಮೇಲೆ ಕೈಯಿಟ್ಟುಕೊಂಡು ಕೂತಿದ್ದರು.

ನಾನು ನಿಂತು ಒಪ್ಪೋಲೆ ಬಿಡಿಸಿದೆ. "ಪುಟ ಏಳು. ತಪ್ಪು: ಹಾಲು. ಒಪ್ಪು: ಹಾಲು."

ಯಾರೋ ಕಿಸಕ್ಕೆಂದರು. ಕಣ್ಣಿಗೆ ಆಲು ಕಾಣುತ್ತಿದೆ, ಬಾಯಿಗೆ ಹಾಲು ಬರುತ್ತಿದೆ. ಮತ್ತೆ ಓದಿದೆ. ಮತ್ತೆ ಹಾಲು. ಇಷ್ಟು ವರ್ಷ ಅಂಗೈಗೆ ಉಸಿರು ತಾಗಿಸಿಕೊಂಡು ಬಂದ ನಾಲಗೆ ನನ್ನ ಮಾತು ಕೇಳಲಿಲ್ಲ. ಶಾರದಮ್ಮನವರ ಕೈ ಕಟ್ಟಿನ ಮೇಲೆ ಬಿಗಿಯಾದದ್ದು ಕಂಡಿತು.

ಮುಂದಿನ ಸಾಲಿನಿಂದ ಗೌರಮ್ಮನವರು ಬಾಗಿಲು ಬಿಟ್ಟು ನನ್ನ ಕಡೆ ತಿರುಗಿದರು.

"ಆಲು ಅನ್ನೋ ಮಾರಾಯ. ಅಷ್ಟು ಬರಾಕಿಲ್ವಾ? ಬಾಯಿ ಸುಟ್ಕಂಡೋನಂಗೆ ಉಸ್ ಉಸ್ ಅಂತೀಯಲ್ಲ. ಅನ್ನು, ಆಲು."

"ಆಲು" ಎಂದೆ.

"ಆಂ, ಅಂಗೆ."

ಅಲ್ಲಿಂದ ಅವರೇ ನನಗೆ ಮೇಷ್ಟ್ರಾದರು. ಒಳೆ, ಒಲ, ಊವು. ನಾನು ಒಂದೊಂದು ಓದಿದಂತೆ ಅವರು ತಲೆ ಆಡಿಸಿದರು. ತಪ್ಪಿದಲ್ಲಿ ತೊಡೆ ತಟ್ಟಿ ನಿಲ್ಲಿಸಿದರು. ಹಾಲುಗಡ್ಡೆ ಬಂದಾಗ ಎಲ್ಲರಿಗಿಂತ ಜೋರಾಗಿ ಅವರೇ ನಕ್ಕರು. ಕೊನೆಯ ಸಾಲಿಗೆ ಬಂದೆ.

"ಪುಟ ಮೂವತ್ತು. ತಪ್ಪು: ನೀರು ಹರಿತದೆ. ಒಪ್ಪು: ನೀರು ಅರಿತದೆ."

ಗೌರಮ್ಮನವರ ನಗು ನಿಂತಿತು. ಬಾಗಿಲ ಕಡೆ ಒಮ್ಮೆ ನೋಡಿ, ಮಗಳ ಕಡೆ ತಿರುಗಿದರು. "ಇದು ಮಂಜ ಅಂದಿದ್ದು ಕಣಮ್ಮಿ" ಎಂದರು. "ಅವ್ನು ಬರಾಕಿಲ್ಲ, ಅಲ್ವಾ?"

ಶಾರದಮ್ಮ ಇಲ್ಲವೆಂದು ತಲೆಯಾಡಿಸಿದರು. ಆಮೇಲೆ ಕಟ್ಟು ಬಿಚ್ಚಿ, ಮೇಲಿನ ಪುಸ್ತಕವನ್ನು ತಾಯಿಯ ಕೈಗಿಟ್ಟರು. ಗೌರಮ್ಮ ಅದನ್ನು ಮಡಿಲಲ್ಲಿಟ್ಟುಕೊಂಡು ಸೆರಗು ಮುಚ್ಚಿದರು. ಬಿಡುಗಡೆ ಎಂದರೆ ಅಷ್ಟೇ. ಭಾಷಣ ಸಿದ್ಧಮಾಡಿಕೊಂಡು ಬಂದಿದ್ದ ಹೆಡ್‌ಮಾಸ್ಟರು ಕಾಗದವನ್ನು ಸದ್ದಿಲ್ಲದೆ ಜೇಬಿಗೆ ಹಾಕಿದರು.

ಉಪ್ಪಿಟ್ಟಿನ ತಟ್ಟೆ ಕೈಗೆ ಬಂದಾಗ ಗೌರಮ್ಮನವರು ಪಕ್ಕದ ಕುರ್ಚಿ ತಟ್ಟಿ ನನ್ನನ್ನು ಕೂರಿಸಿಕೊಂಡರು. "ಯಾರಪ್ಪ ನೀನು? ಏನು ಎಸ್ರು?"

"ಹಾಲಪ್ಪ ಅಂತ ಅಮ್ಮಾ."

"ಆಲಪ್ಪನಾ? ತಿನ್ನು ಆಲಪ್ಪ, ಆರೋಯ್ತದೆ."

ಹೇಳಿದ ಹಾಗೆ ತಿಂದೆ. ಅಷ್ಟರಲ್ಲಿ ಶಾರದಮ್ಮ ಒಂದು ಪ್ರತಿ ತಂದು, ಒಪ್ಪೋಲೆಯ ಕೆಳಗೆ ನಾನು ಸಹಿ ಹಾಕಬೇಕೆಂದರು. ಪುಸ್ತಕದಲ್ಲಿ ಕರಡು ತಿದ್ದಿದವನ ಸಹಿ ಎಲ್ಲಾದರೂ ಉಂಟೇ ಎಂದೆ. ಕೇಳಲಿಲ್ಲ. ಹಾಕಿದೆ.

ಹೆಗಲ ಮೇಲಿನಿಂದ ರೇಷ್ಮಾ ಇಣುಕಿದಳು. "ಸಾರ್, ನಿಮ್ಮ ಹೆಸರಲ್ಲೇ ತಪ್ಪು ಬರ್ದಿದೀರ! ಆಲಪ್ಪ ಅಂತ ಆಗಿದೆ."

ನಾನು ಜೇಬಿನಿಂದ ಕೆಂಪು ಪೆನ್ನು ತೆಗೆದೆ. ಹೆಸರಿನ ಕೆಳಗೆ ಸಾಲಾಗಿ ಚುಕ್ಕಿ ಇಟ್ಟು, ಅಂಚಿನಲ್ಲಿ ಬರೆದೆ: ಇರಲಿ.